ಜೌಗಿನಲ್ಲಿ ಬಚ್ಚಿಟ್ಟ ಬಿಲ್ಲೆ

ಕೆರೆಯ ಹಿನ್ನೀರು ಹರಡಿ ಜೌಗಾದ ಕಡೆ ಒಂದು ಆಶ್ರಮ. ಅಲ್ಲೊಂದು ಪದ್ಧತಿಯಿತ್ತು. ಮಳೆಗಾಲದ ಒಂದು ದಿನ ಗುರುಗಳು ಜೌಗಿನೊಳಗೆ ತಾಮ್ರದ ಬಿಲ್ಲೆ ಬಚ್ಚಿಡುತ್ತಿದ್ದರು. ಹುಡುಕಿ ತಂದ ಶಿಷ್ಯನಿಗೆ ಆ ವರ್ಷ ಜೌಗಿನ ಕಾವಲು. ಹಕ್ಕಿಗೆ ಬಲೆ ಹಾಕುವವರನ್ನು, ಜೊಂಡಿಗೆ ಬೆಂಕಿಯಿಡುವವರನ್ನು ಅವನು ತಡೆಯಬೇಕು. ನಿಯಮ ಒಂದೇ: ಕೋಲಿನಿಂದ ಮುಂದೆ ತಡವಿ ನೋಡದೆ ಹೆಜ್ಜೆಯಿಡಬಾರದು.

ರೇವಯ್ಯ ಒಂಬತ್ತು ವರ್ಷ ಹುಡುಕಿದ್ದ. ಒಮ್ಮೆಯೂ ಸಿಕ್ಕಿರಲಿಲ್ಲ. ಹೋದ ವರ್ಷ ಸೇರಿದ ಮಾಳಿಂಗ ಬಂದ ವರ್ಷವೇ ತಂದುಬಿಟ್ಟ. ಗುರುಗಳು ಅವನ ತಲೆ ಸವರಿದರು. ಅಂದಿನಿಂದ ಮಾಳಿಂಗ ನಕ್ಕರೂ ರೇವಯ್ಯನಿಗೆ ಉರಿ, ಉಂಡರೂ ಉರಿ. ಹೊಟ್ಟೆಕಿಚ್ಚಿಗೆ ಮದ್ದುಂಟೇ?

ಈ ಸಲ ಅವನು ಬಿಲ್ಲೆ ಹುಡುಕಲು ಹೋಗಲಿಲ್ಲ. ಮಾಳಿಂಗನ ಬೆನ್ನು ಹತ್ತಿದ. ಕೋಲು ಊರಿದರೆ ಸದ್ದಾದೀತೆಂದು ಅದನ್ನು ದಡದಲ್ಲೇ ಬಿಟ್ಟ. ಮಾಳಿಂಗ ಒಂದು ಜೊಂಡಿನ ಬುಡಕ್ಕೆ ಬಗ್ಗಿದ್ದೇ ತಡ, ರೇವಯ್ಯ ಅಡ್ಡ ನುಗ್ಗಿ ಬಿಲ್ಲೆಯನ್ನು ಬಾಚಿಕೊಂಡ.

"ಅಣ್ಣಾ, ಕಾಲ್ ನೋಡ್ಕೊಂಡು!" ಎಂದು ಮಾಳಿಂಗ ಕೂಗಿದ.

ಕೇಳುವವರು ಯಾರು? ರೇವಯ್ಯ ಆಗಲೇ ದಡದತ್ತ ಓಡುತ್ತಿದ್ದ.

"ಈ ಸಲ ತಂದದ್ದು ನಾನು, ಗುರುಗಳೇ. ಕಾವಲು ನನಗೇ."

"ಸರಿ. ದಾರಿಯಲ್ಲಿ ಏನೇನು ಕಂಡೆ?"

"ಮಾಳಿಂಗ ಮೊದಲು ಬಲಕ್ಕೆ ತಿರುಗಿದ. ಆಮೇಲೆ ನಿಂತ. ಆಮೇಲೆ ಬಗ್ಗಿದ..."

"ಮಾಳಿಂಗ ಇರಲಿ. ಜೌಗಿನಲ್ಲಿ?"

ರೇವಯ್ಯ ಸಿಡಿದ.

"ಅವನು ನಿನ್ನೆ ಮೊನ್ನೆ ಬಂದವನು. ಒಂಬತ್ತು ವರ್ಷದಿಂದ ನಿಮ್ಮ ಕಾಲ ಬಳಿ ಬಿದ್ದಿದ್ದೀನಿ. ನನ್ನ ತಲೆ ಒಂದು ದಿನವಾದರೂ ಸವರಿದ್ದೀರಾ?"

ಗುರುಗಳು ಕೆಳಗೆ ಕೂತು, ಅವನ ಕೆಸರುಗಾಲನ್ನು ಕೈಯಲ್ಲಿ ಹಿಡಿದರು. ರೇವಯ್ಯ ಗಾಬರಿಯಾಗಿ ಎಳೆದುಕೊಳ್ಳಲು ನೋಡಿದ, ಅವರು ಬಿಡಲಿಲ್ಲ. ಬೆರಳ ಸಂದಿಯಿಂದ ಮೊಟ್ಟೆಯ ಚಿಪ್ಪಿನ ಚೂರೊಂದನ್ನು ಬಿಡಿಸಿ ಅವನ ಅಂಗೈಯಲ್ಲಿಟ್ಟರು. ಲೋಳೆ ಇನ್ನೂ ಆರಿರಲಿಲ್ಲ.

ಜೌಗಿನಲ್ಲಿ ನೀರುಕೋಳಿಯೊಂದು ಜೊಂಡಿನ ಸುತ್ತ ಸುತ್ತುತ್ತ ಒಂದೇ ಸಮನೆ ಕೂಗುತ್ತಿತ್ತು.

"ನಾನು ಬಚ್ಚಿಟ್ಟದ್ದನ್ನು ನನಗೆ ತಂದುಕೊಟ್ಟೆ," ಎಂದರು ಗುರುಗಳು. "ಇದನ್ನು ಬಚ್ಚಿಟ್ಟವಳಿಗೆ ಏನು ತಂದುಕೊಡುತ್ತೀಯಪ್ಪ?"