ಮಂಗಳವಾರದ ಸಾಲು

“ಗುರುಗಳೇ, ನಾವು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವವರಿಗೆ ಇನ್ನೇನು ಕೊಡಬೇಕು?” ಎಂದು ಶಿಷ್ಯ ಕೇಳಿದ.

ಆ ದಿನ ಆಶ್ರಮದಲ್ಲಿ ಊಟ ಬಡಿಸುವ ಸರದಿ ಅವನದಾಗಿತ್ತು. ಒಬ್ಬ ಅತಿಥಿ ಪಾಯಸ ಬೇಡ ಎಂದರು. ಶಿಷ್ಯ ಒತ್ತಾಯ ಮಾಡಿದ. ಅವರು ಎಲೆಗೆ ಕೈ ಅಡ್ಡ ಹಿಡಿದರು. ಶಿಷ್ಯ ಉಪಚಾರದ ಭರದಲ್ಲಿ ಕೈಯ ಮೇಲೆಯೇ ಬಡಿಸಿಬಿಟ್ಟ. ಪಾಯಸ ಬಿಸಿಯಾಗಿತ್ತು. ಅತಿಥಿ ಎದ್ದು ಹೋದರು.

ತಪ್ಪು ಯಾರದೆಂದು ಗುರುಗಳು ಹೇಳಲಿಲ್ಲ. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಹೊರಗೆ ಆಟದ ಪಾರ್ಕು ಒಂದಿತ್ತು. ಅಲ್ಲಿ ಆಕಾಶಕ್ಕೆ ತೂಗುವ ದೊಡ್ಡ ದೋಣಿ ಇತ್ತು. ದೋಣಿಯ ಮುಂದೆ ಜನ ಸಾಲಾಗಿ ಬರಲೆಂದು ಕಬ್ಬಿಣದ ಕಂಬಿಗಳನ್ನು ನೆಟ್ಟಿದ್ದರು. ಸಾಲು ಏಳು ಕಡೆ ತಿರುಗಿ ದೋಣಿಯ ಗೇಟಿಗೆ ಬರುತ್ತಿತ್ತು. ಗೇಟಿನ ಬಳಿ ಚೌಡಯ್ಯ ಎಂಬ ಕೆಲಸಗಾರ ನಿಲ್ಲುತ್ತಿದ್ದ. ಮಕ್ಕಳ ಎತ್ತರ ಅಳೆಯುವುದು, ಗೇಟು ತೆಗೆಯುವುದು, ಸೈರನ್ ಒತ್ತಿ ದೋಣಿ ಬಿಡುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಒಮ್ಮೆಯೂ ದೋಣಿ ಹತ್ತಿರಲಿಲ್ಲ. ಇಳಿದು ಬರುವವರ ಮುಖ ನೋಡಿಯೇ ಅವನಿಗೆ ಸಾಕಾಗಿತ್ತು.

ಒಂದು ಭಾನುವಾರ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಹೆಸರು ಇಂಚರ. ವಯಸ್ಸು ಒಂಬತ್ತು. ಅವಳು ಕಂಬಿಯ ಮೇಲೆ ಒಂದು ಬೆರಳಿಟ್ಟುಕೊಂಡು ಏಳೂ ತಿರುವು ದಾಟಿ ಗೇಟಿಗೆ ಬಂದಳು. ಚೌಡಯ್ಯ ಗೇಟು ತೆಗೆದ. ಅವಳು ಹಿಂದಿರುಗಿ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಮತ್ತೆ ಬಂದಳು. ಚೌಡಯ್ಯ ಮತ್ತೆ ಗೇಟು ತೆಗೆದ. ಮತ್ತೆ ಹೋದಳು.

ಮಗುವಿಗೆ ಹೆದರಿಕೆ ಎಂದು ಚೌಡಯ್ಯ ತಿಳಿದ. ಅವನು ಒಳ್ಳೆಯ ಮನುಷ್ಯ. ಮೂರನೆಯ ಸುತ್ತಿಗೆ ಅವಳ ಕೈಗೆ ಬಲೂನು ಕೊಟ್ಟ. ಬಲೂನು ಕೈಯಲ್ಲಿದ್ದರೆ ಕಂಬಿ ಮುಟ್ಟುವುದು ಹೇಗೆ? ಅವಳು ಕೈ ಬಿಟ್ಟಳು. ಬಲೂನು ಮೇಲೆ ಹೋಯಿತು. ನಾಲ್ಕನೆಯ ಸುತ್ತಿಗೆ ಕರಡಿಯ ವೇಷ ಹಾಕುವವನನ್ನು ಕರೆಸಿದ. ಕರಡಿ ಅವಳ ಮುಂದೆ ಕುಣಿಯಿತು. ಅವಳು ಕರಡಿಯ ಪಕ್ಕದಿಂದ ಮುಂದೆ ಹೋದಳು. ಐದನೆಯ ಸುತ್ತಿಗೆ ಚೌಡಯ್ಯ ಗಟ್ಟಿಮನಸ್ಸು ಮಾಡಿದ. ನೋಡು ಪುಟ್ಟಿ, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ಹೇಳಿ, ದೋಣಿ ನಡೆಸುವುದನ್ನು ಇನ್ನೊಬ್ಬನಿಗೆ ಒಪ್ಪಿಸಿ, ತಾನೇ ಹತ್ತಿ ಕುಳಿತ. ದೋಣಿ ಮೇಲೆ ಹೋಯಿತು. ಚೌಡಯ್ಯ ತನ್ನ ಮನೆದೇವರನ್ನು ಕರೆದ. ಆಮೇಲೆ ಹೆಂಡತಿಯ ಮನೆದೇವರನ್ನೂ ಕರೆದ. ಇಳಿದು ಬಂದವನು ಅರ್ಧ ಗಂಟೆ ಕಂಬ ಹಿಡಿದುಕೊಂಡು ನಿಂತ. ಹುಡುಗಿ ಅವನನ್ನು ನೋಡಿರಲೇ ಇಲ್ಲ. ಅವಳು ನಾಲ್ಕನೆಯ ತಿರುವಿನಲ್ಲಿದ್ದಳು.

ಸಾಲಿನಲ್ಲಿದ್ದವರು ಗೊಣಗಿದರು. ಹತ್ತುವುದಿಲ್ಲವಾದರೆ ಜಾಗ ಯಾಕೆ ಹಿಡಿಯಬೇಕು ಎಂದು ಒಬ್ಬ ಕೇಳಿದ. ತಾಯಿ ಚೌಡಯ್ಯನ ಹತ್ತಿರ ಬಂದಳು.

“ಅವಳಿಗೆ ದೋಣಿ ಬೇಡಣ್ಣ. ಅವಳಿಗೆ ಈ ಸಾಲೇ ಇಷ್ಟ” ಎಂದಳು.

ಮಗಳಿಗೆ ಆಟಿಸಂ ಇದೆಯೆಂದು ಡಾಕ್ಟರು ಹೇಳಿದ್ದಾರೆ, ಅವಳ ಮನಸ್ಸಿನ ದಾರಿ ಬೇರೆ ಎಂದು ವಿವರಿಸಿದಳು. ದೊಡ್ಡ ಸದ್ದು ಆಗದು. ಯಾರಾದರೂ ಮುಟ್ಟಿದರೆ ಆಗದು. ಜನ ಒಬ್ಬರ ಹಿಂದೆ ಒಬ್ಬರು ನಿಂತು ಒಂದೊಂದೇ ಹೆಜ್ಜೆ ಸರಿಯುವುದನ್ನು ಕಂಡರೆ ಮಾತ್ರ ಅವಳ ಮೈ ಸಡಿಲವಾಗುತ್ತದೆ. ರೇಷನ್ ಅಂಗಡಿಯ ಸಾಲು ಅವಳಿಗೆ ಹಬ್ಬದಂತೆ. ಆದರೆ ಮುಂದೆ ಹೋದವಳು ಏನೂ ಕೊಳ್ಳದೆ ಹಿಂದೆ ಬಂದು ನಿಲ್ಲುವುದನ್ನು ಕಂಡು ಅಂಗಡಿಯವನು ಇನ್ನು ಕರೆತರಬೇಡಿ ಎಂದಿದ್ದ. ಬ್ಯಾಂಕಿನಲ್ಲಿ ಮೂರನೆಯ ಸುತ್ತಿಗೇ ಕಾವಲಿನವನಿಗೆ ಸಂಶಯ ಬಂದಿತ್ತು. ಮಗಳನ್ನು ಕರೆದುಕೊಂಡು ಹೋಗುವಂಥ ಜಾಗಗಳು ಒಂದೊಂದಾಗಿ ಮುಗಿದುಹೋಗಿವೆ, ಇಲ್ಲಿಯೂ ಬೇಡವೆಂದರೆ ಇನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು ಎಂದು ತಾಯಿ ಹೇಳಿದಳು. ಅಳದೆ ಹೇಳಿದಳು. ಅದರಿಂದ ಚೌಡಯ್ಯನಿಗೆ ಇನ್ನೂ ಸಂಕಟವಾಯಿತು.

ಅವನು ಯೋಚಿಸಿ ಒಂದು ಉಪಾಯ ಹೇಳಿದ. ಮಂಗಳವಾರ ಬನ್ನಿ. ಮಂಗಳವಾರ ಇಲ್ಲಿ ಜನವೇ ಇರುವುದಿಲ್ಲ. ಗೊಣಗುವವರು ಇರುವುದಿಲ್ಲ. ಸೈರನ್ನನ್ನೂ ನಾನು ಒತ್ತುವುದಿಲ್ಲ.

ಮಂಗಳವಾರ ಮೂರು ಗಂಟೆಗೆ ತಾಯಿ ಮಗಳು ಬಂದರು. ಚೌಡಯ್ಯ ಹೇಳಿದ್ದು ನಿಜವಾಗಿತ್ತು. ಜನ ಇರಲಿಲ್ಲ. ಆದ್ದರಿಂದ ಸಾಲೂ ಇರಲಿಲ್ಲ. ಇಂಚರ ಖಾಲಿ ಕಂಬಿಗಳ ಮುಂದೆ ನಿಂತಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತು ಮುಷ್ಟಿಯಿಂದ ತಲೆ ಗುದ್ದಿಕೊಳ್ಳತೊಡಗಿದಳು. ತಾಯಿ ತನ್ನ ಅಂಗೈಯನ್ನು ಮಗಳ ಹಣೆಗೆ ಅಡ್ಡವಾಗಿ ಹಿಡಿದಳು. ಪೆಟ್ಟು ತಾಯಿಯ ಕೈಗೆ ಬೀಳುತ್ತಿತ್ತು.

ಅಷ್ಟು ಯೋಚಿಸಿ ಮಾಡಿದ ಉಪಕಾರದ ಫಲವನ್ನು ಚೌಡಯ್ಯ ಕಣ್ಣಾರೆ ಕಂಡ. ಅವನು ಗೇಟು ಬಿಟ್ಟು ಬಂದು ಕಂಬಿಗಳ ನಡುವೆ ನಿಂತುಕೊಂಡ. ಒಬ್ಬ ನಿಂತರೆ ಅದು ಸಾಲಾಗುವುದಿಲ್ಲ. ಪಾಪ್‌ಕಾರ್ನ್ ಮಾರುವ ಪುಟ್ಟತಾಯಮ್ಮನನ್ನು ಕೂಗಿದ. ಅವಳು ಬಂದು ಹಿಂದೆ ನಿಂತಳು. ಕರಡಿಯವನನ್ನು ಕರೆದ. ತೋಟದ ಇಬ್ಬರು ಮಾಲಿಗಳು ಪೈಪು ಬಿಟ್ಟು ಬಂದರು. ಯಾತಕ್ಕೆ ಎಂದು ಯಾರೋ ಕೇಳಿದರು. ಸುಮ್ಮನೆ ನಿಂತುಕೊಳ್ಳಿ, ಆಮೇಲೆ ಹೇಳುತ್ತೇನೆ ಎಂದ ಚೌಡಯ್ಯ.

ಐದು ಜನ ಒಂದು ಹೆಜ್ಜೆ ಸರಿದರು. ಇನ್ನೊಂದು ಹೆಜ್ಜೆ ಸರಿದರು. ಹುಡುಗಿಯ ಕೈ ನಿಂತಿತು. ಅವಳು ಎದ್ದಳು, ಮೂಗು ಒರೆಸಿಕೊಂಡಳು, ಬಂದು ಕರಡಿಯ ಹಿಂದೆ ನಿಂತಳು.

ಸಾಲು ನಡೆಯಿತು. ಗೇಟಿಗೆ ಬಂದವರು ಹಿಂದಿರುಗಿ ಹೋಗಿ ಕೊನೆಯಲ್ಲಿ ನಿಲ್ಲುತ್ತಿದ್ದರು. ಆದರೆ ಸಾಲಿನಲ್ಲಿ ನಿಲ್ಲುವುದು ಅಷ್ಟು ಸುಲಭವಲ್ಲವೆಂದು ಅವರಿಗೆ ಬೇಗ ತಿಳಿಯಿತು. ಇಬ್ಬರ ನಡುವೆ ಒಂದು ಮೊಳ ಜಾಗ ಇರಬೇಕಿತ್ತು. ಪುಟ್ಟತಾಯಮ್ಮ ಮಾಲಿಯ ಪಕ್ಕಕ್ಕೆ ಹೋಗಿ ಸೊಸೆಯ ಸುದ್ದಿ ತೆಗೆದಳು. ಹುಡುಗಿ ನಿಂತುಬಿಟ್ಟಳು. ಪುಟ್ಟತಾಯಮ್ಮ ತನ್ನ ಜಾಗಕ್ಕೆ ಹೋಗುವವರೆಗೆ ಹೆಜ್ಜೆ ಎತ್ತಲಿಲ್ಲ. ಕರಡಿ ಬೇಗ ಮುಗಿಸುವ ಆಸೆಯಿಂದ ಒಂದು ತಿರುವನ್ನು ಕಂಬಿಯ ಕೆಳಗೆ ನುಸುಳಿ ದಾಟಿತು. ಹುಡುಗಿ ಕರಡಿಯನ್ನೇ ನೋಡುತ್ತ ನಿಂತಳು. ಕರಡಿ ನಾಚಿಕೊಂಡು ನುಸುಳಿದ ದಾರಿಯಲ್ಲೇ ಹಿಂದಕ್ಕೆ ಬಂತು.

ಅಷ್ಟರಲ್ಲಿ ಪಾರ್ಕು ನೋಡಲು ಬಂದಿದ್ದ ನಾಲ್ಕಾರು ಸಂಸಾರಗಳು ದೂರದಿಂದ ಇದನ್ನು ಕಂಡವು. ನಮ್ಮ ಜನಕ್ಕೆ ಸಾಲು ಕಂಡರೆ ಸುಮ್ಮನೆ ಹೋಗಲು ಆಗುವುದಿಲ್ಲ. ಒಬ್ಬ ಬಂದು ನಿಂತ. ಅವನ ಹೆಂಡತಿ ಮಕ್ಕಳು ಬಂದರು. ಮುಂದೆ ಏನು ಕೊಡುತ್ತಾರೆ ಎಂದು ಹಿಂದಿನವನು ಕೇಳಿದ. ಗೊತ್ತಿಲ್ಲ, ಆದರೆ ಕರಡಿಯೂ ನಿಂತಿದೆ ಎಂದ ಮುಂದಿನವನು. ಅರ್ಧ ಗಂಟೆಯಲ್ಲಿ ನಲವತ್ತು ಜನ ಸೇರಿದರು. ಚೌಡಯ್ಯ ಸಾಲಿನಿಂದ ಹೊರಗೆ ಬಂದು ಗೇಟಿನಲ್ಲಿ ನಿಂತು, ಬಂದವರಿಗೆ ಹಿಂದಿರುಗುವ ದಾರಿ ತೋರಿಸತೊಡಗಿದ. ಇಲ್ಲಿ ಏನೂ ಕೊಡುವುದಿಲ್ಲ ಎಂದು ಒಬ್ಬ ಮುದುಕರಿಗೆ ಹೇಳಿದ. ಬೇರೆ ಕಡೆ ಇಷ್ಟು ತಿಳಿಸುವುದಕ್ಕೇ ನಾಳೆ ಬನ್ನಿ ಎನ್ನುತ್ತಾರೆ, ನೀವು ಇವತ್ತೇ ಹೇಳಿದಿರಿ ಎಂದು ಅವರು ಸಂತೋಷಪಟ್ಟು ಇನ್ನೊಂದು ಸುತ್ತಿಗೆ ಹೋದರು.

ಆ ಹೊತ್ತಿಗೆ ಪಾರ್ಕಿನ ಮ್ಯಾನೇಜರ್ ಬಂದರು. ದೋಣಿ ಖಾಲಿ ನಿಂತಿದೆ. ಅದರ ಮುಂದೆ ಜನ ತುಂಬಿದ್ದಾರೆ. ಪಾಪ್‌ಕಾರ್ನ್ ಗಾಡಿಯಲ್ಲಿ ಆಳಿಲ್ಲ. ಮಾಲಿಗಳ ಪೈಪಿನಿಂದ ನೀರು ದಾರಿಯ ಮೇಲೆ ಹರಿಯುತ್ತಿದೆ. ಅವರಿಗೆ ಸಿಟ್ಟು ಬಂತು. ಇವತ್ತು ಚೌಡಯ್ಯನ ಕೆಲಸ ಮುಗಿಯಿತು ಎಂದುಕೊಂಡು ನೇರವಾಗಿ ಗೇಟಿನ ಕಡೆ ನಡೆದರು. ಸಾಲಿನಲ್ಲಿದ್ದ ಹೆಂಗಸರು ಬಿಡಲಿಲ್ಲ. ನಾವೇನು ಕೆಲಸವಿಲ್ಲದೆ ನಿಂತಿದ್ದೇವೆಯೇ, ಹಿಂದೆ ಹೋಗಿ ಎಂದರು. ತಾನು ಮ್ಯಾನೇಜರ್ ಎಂದು ಅವರು ಹೇಳಿದರು. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಹೆಂಗಸರು ಉತ್ತರ ಕೊಟ್ಟರು. ಮ್ಯಾನೇಜರ್ ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಒಂದು ಸುತ್ತು ಮುಗಿಸಿ ಬಂದ ಇಂಚರ ಅವರ ಹಿಂದೆ ನಿಂತಳು.

ಏಳು ತಿರುವು ದಾಟುವಷ್ಟರಲ್ಲಿ ಬೈಯಬೇಕಾದ ಮಾತುಗಳನ್ನೆಲ್ಲ ಅವರು ಒಳಗೇ ಜೋಡಿಸಿಕೊಂಡರು. ಗೇಟಿಗೆ ಬಂದೊಡನೆ ಸಾಲು ಬಿಟ್ಟು ಪಕ್ಕಕ್ಕೆ ಹೋಗಿ ಚೌಡಯ್ಯನನ್ನು ಕರೆದರು.

“ದೋಣಿ ಯಾಕೆ ಬಿಟ್ಟಿಲ್ಲ?”

“ದೋಣಿಗೆ ಯಾರೂ ಬಂದಿಲ್ಲ ಸಾರ್. ಇವರೆಲ್ಲ ಸಾಲಿಗೆ ಬಂದೋರು.”

ಚೌಡಯ್ಯ ಹುಡುಗಿಯ ವಿಷಯ ತಿಳಿಸಿದ. ಮಾಡಿದ್ದು ತಾನೊಬ್ಬನೇ, ಮಿಕ್ಕವರು ತನ್ನ ಮಾತು ಕೇಳಿ ಬಂದವರು, ಏನು ಮಾಡುವುದಿದ್ದರೂ ತನಗೇ ಮಾಡಿ ಎಂದ. ಮಾಡಿಯೇ ಮಾಡುತ್ತೇನೆ ಎಂದು ಮ್ಯಾನೇಜರ್ ಬಾಯಿ ತೆರೆದರು. ಅಷ್ಟರಲ್ಲಿ ಸಾಲಿನ ಹೆಜ್ಜೆಸದ್ದು ನಿಂತಿತು. ಅವರು ತಿರುಗಿ ನೋಡಿದರು.

ನಲವತ್ತು ಜನರೂ ನಿಂತುಬಿಟ್ಟಿದ್ದರು. ಮ್ಯಾನೇಜರ್ ಬಿಟ್ಟು ಬಂದ ಜಾಗ ಖಾಲಿ ಇತ್ತು. ಅದರ ಹಿಂದೆ ಇಂಚರ ನಿಂತಿದ್ದಳು. ಮುಂದೆ ಹೋಗಮ್ಮ ಎಂದು ಹಿಂದಿನವರು ಹೇಳುತ್ತಿದ್ದರು. ಅವಳು ಹೋಗಲಿಲ್ಲ. ಮ್ಯಾನೇಜರ್ ಕಡೆಗೂ ನೋಡಲಿಲ್ಲ. ಆ ಖಾಲಿ ಜಾಗವನ್ನು ನೋಡುತ್ತ, “ನಿಮ್ಮ ಜಾಗ” ಎಂದಳು.

ಬೆಂಚಿನ ಮೇಲಿದ್ದ ತಾಯಿ ಎದ್ದು ನಿಂತಳು. ಮಗಳು ಹೊರಗಿನವರೊಡನೆ ಮಾತನಾಡಿ ಎರಡು ವರ್ಷವಾಗಿತ್ತು.

ಆಫೀಸಿನಲ್ಲಿ ಮ್ಯಾನೇಜರ್ ಕೈ ತೊಳೆಯಲು ಎದ್ದರೂ ಅವರ ಕುರ್ಚಿಯ ಮೇಲೆ ಕಣ್ಣಿಟ್ಟವರು ಮೂವರಿದ್ದರು. ಅವರ ಜಾಗವನ್ನು ಅವರಿಗೆಂದೇ ಕಾದಿಟ್ಟವರು ಈವರೆಗೆ ಯಾರೂ ಇರಲಿಲ್ಲ. ಅವರು ಹೋಗಿ ತಮ್ಮ ಜಾಗದಲ್ಲಿ ನಿಂತರು. ಸಾಲು ಮುಂದೆ ಸರಿಯಿತು. ಬೈಗುಳ ಇನ್ನೂ ಬಾಕಿ ಇತ್ತು. ಅದಕ್ಕಾಗಿ ಇನ್ನೊಂದು ಸುತ್ತು ಬಂದರು. ಗೇಟಿನ ಬಳಿ ನಿಂತು ಬೈದರೆ ಸಾಲು ನಿಲ್ಲುತ್ತದೆ. ನಡೆಯುತ್ತ ಬೈದರೆ ಚೌಡಯ್ಯನಿಗೆ ಅರ್ಧವೇ ಕೇಳಿಸುತ್ತದೆ. ಹೀಗೆ ಮೂರು ಸುತ್ತು ಆಯಿತು. ಮೂರನೆಯ ಸುತ್ತಿನಲ್ಲಿ ಅವರು ಚೌಡಯ್ಯನನ್ನು ಕೇಳಿದ್ದು ಇಷ್ಟೇ: ಮುಂದಿನ ಮಂಗಳವಾರ ಎಷ್ಟು ಜನ ಬೇಕಾಗುತ್ತಾರೆ?

ಅಂದಿನಿಂದ ಆ ಪಾರ್ಕಿನಲ್ಲಿ ಪ್ರತಿ ಮಂಗಳವಾರ ಮೂರರಿಂದ ನಾಲ್ಕರವರೆಗೆ ಸೈರನ್ ಇಲ್ಲ. ಕೆಲಸಗಾರರು ಸರದಿಯ ಮೇಲೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಸುದ್ದಿ ಕೇಳಿ ಅಂಥವೇ ಬೇರೆ ಮಕ್ಕಳೂ ಬಂದವು. ಒಬ್ಬ ಹುಡುಗನಿಗೆ ಕಾರಂಜಿಯ ಪಂಪು ನೋಡುವುದಷ್ಟೇ ಬೇಕಿತ್ತು. ಪಂಪಿನವನು ಅವನಿಗೆ ಕುರ್ಚಿ ತಂದಿಟ್ಟ. ಹುಡುಗ ಕೂರಲಿಲ್ಲ. ಪಂಪಿನವನು ಕುರ್ಚಿ ಎತ್ತಿಟ್ಟ. ಇಬ್ಬರೂ ನಿಂತು ನೋಡಿದರು. ಚೌಡಯ್ಯ ಯಾರಿಗೂ ಬಲೂನು ಕೊಡುವ ಆತುರ ಮಾಡಲಿಲ್ಲ. ಹೊಸ ಮಗು ಬಂದರೆ ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು, ಅದು ನೋಡುವ ಕಡೆ ತಾನೂ ನೋಡುತ್ತಿದ್ದ. ಇಂಚರಳ ತಾಯಿ ಆ ಒಂದು ಗಂಟೆ ಬೆಂಚಿನ ಮೇಲೆ ಕುಳಿತು ಟೀ ಕುಡಿಯುತ್ತಿದ್ದಳು. ಟೀಯನ್ನು ಬಿಸಿ ಇರುವಾಗಲೇ ಕುಡಿದು ಅವಳಿಗೆ ಎಷ್ಟೋ ವರ್ಷವಾಗಿತ್ತು.

ಗುರುಗಳು ಕತೆ ಮುಗಿಸಿದರು. ಕರಡಿ ನುಸುಳಿದ್ದನ್ನು ನೆನೆದು ಶಿಷ್ಯ ಇನ್ನೂ ನಗುತ್ತಿದ್ದ. ಆದರೂ ಅವನ ಮನಸ್ಸಿನಲ್ಲಿ ಒಂದು ಕೊರತೆ ಉಳಿದಿತ್ತು.

“ಗುರುಗಳೇ, ಇಷ್ಟೆಲ್ಲ ಆದ ಮೇಲೆ ಆ ಮಗು ಒಂದು ಸಲವಾದರೂ ದೋಣಿ ಹತ್ತಿತೇ?”

“ಹತ್ತಲಿ ಎನ್ನುವ ಆಸೆ ಈಗ ಯಾರದು?” ಎಂದರು ಗುರುಗಳು.