ತುದಿಯ ಕುರ್ಚಿ

ಸಕ್ಕರೆ ಕಾರ್ಖಾನೆಗೆ ವರ್ಷ ತುಂಬಿದ ಸಮಾರಂಭ. "ಊರಿಗೆ ಕೆಲಸ ತಂದವನು ನಾನು, ವೇದಿಕೆಯ ನಡುವಿನ ಕುರ್ಚಿ ನನ್ನದು" ಎಂದರು ಶಾಸಕರು. "ತಂದದ್ದು ನಮ್ಮ ಸರ್ಕಾರ ಇದ್ದಾಗ!" ಎಂದು ಮಾಜಿ ಶಾಸಕರು ತೋಳೇರಿಸಿದರು. ಕೊನೆಗೆ ಇಬ್ಬರೂ ಶಾಮಿಯಾನದ ಚಲುವಯ್ಯನ ಮೇಲೆ ಹರಿಹಾಯ್ದರು: "ಏಯ್, ಕುರ್ಚಿ ಸರಿಯಾಗಿ ಹಾಕೋ!"

ಚಲುವಯ್ಯ ನಡುವೆ ಕಾರ್ಖಾನೆಯ ಸಾಹುಕಾರರನ್ನು ಕೂರಿಸಿದ. ಚುನಾವಣೆಗೆ ಎರಡೂ ಪಕ್ಷಕ್ಕೆ ದೇಣಿಗೆ ಕೊಟ್ಟವರು ಅವರೇ. ಇಬ್ಬರೂ ಕೈಮುಗಿದು ಅವರ ಅಕ್ಕಪಕ್ಕ ಕೂತರು.

ಸಾಹುಕಾರರು ಬೀಗಿದರು. "ಜಾಣ ಕಣಯ್ಯ ನೀನು! ತುದಿಯಲ್ಲಿ ಆ ಖಾಲಿ ಕುರ್ಚಿ ಯಾಕೆ?"

"ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ನಮ್ಮೂರಿನವನಿಗೆ, ಬುದ್ಧಿ. ಯಾರು ಅಂತ ಹೇಳಿ, ಕೂಗ್ತೀನಿ."

ಸಾಹುಕಾರರು ಶಾಸಕರ ಮುಖ ನೋಡಿದರು. ಶಾಸಕರು ಮಾಜಿಯ ಮುಖ ನೋಡಿದರು. ಮಾಜಿ ನೆಲ ನೋಡಿದರು.

ಅವತ್ತು ತನ್ನದೆಂದು ಯಾರೂ ಕಿತ್ತಾಡದ ಕುರ್ಚಿ ಅದೊಂದೇ.