ಅರೆಬಣ್ಣದ ಮೂರು ಒಗಟು

“ಕೇಳಿರಿ, ಕೇಳಿರಿ! ಮಾರಂಗಿ ದೇಶದ ಅರಸ ವಿಕ್ಕರಸನ ಅಪ್ಪಣೆ! ಹೊಳೆಯ ನೀರು ಎಲ್ಲಿಯವರೆಗೆ ಏರುತ್ತದೆಂದು ತೋರಿಸುವ ಅರಮನೆಯ ವೆಬ್ ಪುಟ ಕೆಟ್ಟಿದೆ. ನೀರು ತೋರಿಸಲು ನಕ್ಷೆಯ ಮೇಲೆ ಹಾಸಿದ ತೆಳುನೀಲಿ ಹಳೆಯ ಬ್ರೌಸರ್‌ಗಳಲ್ಲಿ ಕಾಣುತ್ತಲೇ ಇಲ್ಲ. ರಾಜಕುಮಾರಿ ಮೂರು ಒಗಟು ಕೇಳುವಳು. ಬಿಡಿಸಿದವರಿಗೆ ಪುಟದ ಅಧಿಕಾರ, ಕೇಳಿದ ವರ. ತಪ್ಪಿದವರಿಗೆ ತಲೆದಂಡ!”

ಡಂಗುರದಲ್ಲಿ ತಲೆದಂಡದ ಮಾತು ಕೇಳಿ ಊರೇ ಹಿಂದೆ ಸರಿಯಿತು. ಸಭೆಗೆ ಬಂದವರು ಮೂವರೇ: ಆಸ್ಥಾನ ಪಂಡಿತ, ಮಂತ್ರಿಯ ಮಗ ಜಯಕೀರ್ತಿ, ಮತ್ತು ಬಣ್ಣಗಾರರ ಕೇರಿಯ ತಿಪ್ಪಣ್ಣ. ತಿಪ್ಪಣ್ಣ ಸೀರೆಗಳನ್ನು ಬಣ್ಣದಲ್ಲಿ ಅದ್ದುವವನು. ಬಿಡುವಿದ್ದಾಗ ನೇಕಾರರಿಗೆ ವೆಬ್ ಪುಟ ಮಾಡಿಕೊಡುತ್ತಿದ್ದ. ಅವನ ನೀಲಿ ಉಗುರು ನೋಡಿ ಸಭೆ ನಕ್ಕಿತು.

ರಾಜಕುಮಾರಿ ಪದ್ಮಲೆ ಕೇಳಿದಳು: “ನಾನೊಂದು ಕೆಂಪು. ಹಳದಿಯ ಮೇಲೆ ಕೂತರೆ ಕಿತ್ತಳೆ, ನೀಲಿಯ ಮೇಲೆ ಕೂತರೆ ನೇರಳೆ. ಆದರೂ ನಾನು ಬದಲಾಗಿಲ್ಲ. ಯಾರು ನಾನು?”

“ಊಸರವಳ್ಳಿ!” ಎಂದ ಪಂಡಿತ. ಭಟರು ಅವನ ತೋಳು ಹಿಡಿದರು.

“ಅರೆಪಾರದರ್ಶಕ ಕೆಂಪು, ತಾಯಿ,” ಎಂದ ತಿಪ್ಪಣ್ಣ. “ಅದು ಹಿಂದಿನ ಬಣ್ಣವನ್ನೂ ಕಾಣಬಿಡುತ್ತದೆ. ನಮ್ಮ ಕಣ್ಣಿಗೆ ಎರಡೂ ಬೆರೆತು ಬರುತ್ತವೆ.”

“ಸರಿ! ಅರ್ಧ ಮುಚ್ಚುವ ಪರದೆಯ ಮೇಲೆ ಅರ್ಧ ಮುಚ್ಚುವ ಇನ್ನೊಂದು ಪರದೆ. ಹಿಂದಿನ ಚಿತ್ರ ಎಷ್ಟು ಉಳಿಯಿತು?”

ಜಯಕೀರ್ತಿ ಮುನ್ನುಗ್ಗಿದ. “ಅರ್ಧಕ್ಕೆ ಅರ್ಧ ಸೇರಿದರೆ ಪೂರ್ತಿ. ಏನೂ ಉಳಿಯಲಿಲ್ಲ!”

ಅವನೂ ಭಟರ ಕೈಗೆ ಸಿಕ್ಕಿದ. ಮಂತ್ರಿಯ ಮುಖ ಬಿಳಿಚಿಕೊಂಡಿತು.

“ಕಾಲು ಭಾಗ,” ಎಂದ ತಿಪ್ಪಣ್ಣ. “ಮೊದಲನೆಯದು ಅರ್ಧ ಉಳಿಸಿತು. ಎರಡನೆಯದು ಆ ಅರ್ಧದಲ್ಲಿ ಅರ್ಧ ಉಳಿಸಿತು.”

ಈಗ ಯಾರೂ ನಗಲಿಲ್ಲ. ಪದ್ಮಲೆ ಎರಡು ಕಂಪ್ಯೂಟರ್ ತರಿಸಿದಳು, ಒಂದು ಹಳೆಯದು, ಒಂದು ಹೊಸದು. “ಒಬ್ಬ ಮುದುಕ, ಒಬ್ಬಳು ಹುಡುಗಿ. ಇಬ್ಬರಿಗೂ ಒಂದೇ ಓಲೆ. ಹುಡುಗಿಗೆ ತೆಳುನೀಲಿ ಕಾಣಬೇಕು. ತೆಳು ಎಂಬ ಮಾತೇ ತಿಳಿಯದ ಮುದುಕನಿಗೆ ಬರೀ ನೀಲಿಯಾದರೂ ಕಾಣಬೇಕು. ಓಲೆ ಹೇಗೆ ಬರೆಯುತ್ತೀ?”

ಮುದುಕನೆಂದರೆ ಹಳೆಯ ಬ್ರೌಸರ್, ಹುಡುಗಿಯೆಂದರೆ ಹೊಸದು, ಓಲೆಯೆಂದರೆ ಪುಟಕ್ಕೆ ಬಣ್ಣ ಹೇಳುವ ಸ್ಟೈಲ್‌ಶೀಟ್. ತಿಪ್ಪಣ್ಣ ಎರಡು ಸಾಲು ಬರೆದ: ಮೇಲೆ ತೆಳುನೀಲಿ, ಕೆಳಗೆ ಗಟ್ಟಿನೀಲಿ. ಗುಂಡಿ ಒತ್ತಲು ಹೋದ ಬೆರಳು ಹಾಗೇ ನಿಂತಿತು.

“ಅಯ್ಯೋ, ತಪ್ಪು! ಬ್ರೌಸರ್ ತನಗೆ ತಿಳಿದ ಸಾಲುಗಳಲ್ಲಿ ಕೊನೆಯದನ್ನೇ ಹಿಡಿಯುತ್ತದೆ, ಹುಡುಗಿಗೂ ಗಟ್ಟಿನೀಲಿಯೇ ಕಾಣುತ್ತದೆ!” ಸರಸರನೆ ಸಾಲು ಅದಲುಬದಲು ಮಾಡಿದ. “ಮೊದಲು ಗಟ್ಟಿನೀಲಿ, ಆಮೇಲೆ ತೆಳುನೀಲಿ. ಮುದುಕ ಅರಿಯದ ಸಾಲು ಬಿಟ್ಟು ಮೊದಲಿನದರಲ್ಲೇ ನಿಲ್ಲುತ್ತಾನೆ. ಹುಡುಗಿ ಎರಡನೆಯದನ್ನು ಹಿಡಿಯುತ್ತಾಳೆ.”

ಒತ್ತಿದ. ಹೊಸ ಪರದೆಯಲ್ಲಿ ನಕ್ಷೆಯ ಗದ್ದೆ, ದಾರಿಗಳ ಮೇಲೆ ತೆಳುನೀಲಿ ಹರಡಿತು. ಹಳೆಯದು ಗುರುಗುಟ್ಟಿತು, ಮಿನುಗಿತು... ನೀಲಿ ಮೂಡಿತು! ಸಭೆಗೆ ಸಭೆಯೇ ಎದ್ದು ಕೂಗಿತು.

“ಏನು ವರ ಬೇಕು?” ಎಂದ ಅರಸ.

“ಆ ಇಬ್ಬರ ತಲೆ, ಮಹಾಸ್ವಾಮಿ. ಅವರವರ ಹೆಗಲ ಮೇಲೇ ಇರಲಿ.”

ಅರಸ ಕೈಬೀಸಿದ; ಭಟರು ಇಬ್ಬರನ್ನೂ ಬಿಟ್ಟರು. ಪುಟದ ಅಧಿಕಾರದ ಮುದ್ರೆಯುಂಗುರವನ್ನು ಪದ್ಮಲೆಯೇ ತಿಪ್ಪಣ್ಣನ ಬೆರಳಿಗೆ ತೊಡಿಸಿ, ಮೆಲ್ಲಗೆ ಹೇಳಿದಳು: “ಮೂರನೆಯದರ ಉತ್ತರ ನನಗೂ ಗೊತ್ತಿರಲಿಲ್ಲ.”